ಹಿಂದೆ ಬರುವವರ ಪಾಲಿನ ಉಂಡಿ

ಶಿಗ್ಗಾಂವ
೧೬ ಫೆಬ್ರುವರಿ ೨೦೨೫, ರವಿವಾರ

ಪರಮೇಶ ಅವರಿಗೆ,

ಈ ಹೆಸರಿನ ಹಿಂದೆ ಮುಂದೆ ಏನು ಸೇರಿಸಬೇಕೆಂದು ಬಹಳ ಹೊತ್ತು ಯೋಚಿಸಿದೆ. ನಾನು ಓದಿದ ಇಂಗ್ಲಿಷ್ ಶಾಲೆಯಲ್ಲಿ ರಜೆ ಕೇಳುವ ಪತ್ರವನ್ನಷ್ಟೇ ಕಲಿಸಿದ್ದರು. ಬೇರೆ ಊರಲ್ಲಿರುವ ಗಂಡನಿಗೆ ಬರೆಯುವುದನ್ನು ಬಹುಶಃ ಯಾವ ಶಾಲೆಯೂ ಕಲಿಸುವುದಿಲ್ಲ. ಹಾಗಾಗಿ ಬರೀ ಹೆಸರೇ ಇರಲಿ. ನಿಮ್ಮ ಮೊಣಕಾಲು ನೋವು ಕಡಿಮೆಯಾಗಿದೆ ಎಂದು ಹೇಮಾ ಧಾರವಾಡದ ಹಾಸ್ಟೆಲ್ಲಿನಿಂದ ಫೋನು ಮಾಡಿದಾಗ ಹೇಳಿದಳು. ನಮ್ಮಿಬ್ಬರ ಸುದ್ದಿ ಅತ್ತಿಂದಿತ್ತ ಮುಟ್ಟಿಸಿ ಮಗಳು ದಣಿದಿದ್ದಾಳೆ. ಈ ಸಲ ಆ ಕೆಲಸ ಅಂಚೆಯವರು ಮಾಡಲಿ.

ನಿಮ್ಮ ಮೆಸೇಜು ಬಂದು ಮೂರು ವಾರವಾಯಿತು. “ವರ್ಗಾವಣೆಗೆ ಅರ್ಜಿ ಕರೆದಾರ. ಪತಿ–ಪತ್ನಿ ಪ್ರಕರಣದಾಗ ಶಿಗ್ಗಾಂವಿಗೆ ಹಾಕಲ್ಯಾ, ಬ್ಯಾಡಾ? ನೀ ಹೂಂ ಅಂದ್ರ ಹಾಕ್ತೇನಿ.” ಗಂಡ ಹೆಂಡತಿ ಇಬ್ಬರೂ ಸರ್ಕಾರಿ ಶಿಕ್ಷಕರಾಗಿದ್ದರೆ ಒಂದೇ ತಾಲೂಕಿನಲ್ಲಿ ಇರಲು ಸರ್ಕಾರ ಕೊಡುವ ಅನುಕೂಲ ಅದು. ನಾಲ್ಕು ವರ್ಷದ ಹಿಂದೆ ನೀವು ಹಿರೇಕೆರೂರಿಗೆ ಹೋದಾಗ ಜನ ವರ್ಗಾವಣೆ ಅಂದರು. ನಾನೂ ಕೇಳಿದವರಿಗೆಲ್ಲ ಅದನ್ನೇ ಹೇಳಿದೆ. ನೀವಾಗಿಯೇ ಕೇಳಿಕೊಂಡು ಹೋದದ್ದು ನಮ್ಮಿಬ್ಬರಿಗೆ ಮಾತ್ರ ಗೊತ್ತು.

ಉತ್ತರ ಕೊಡುವ ಮೊದಲು ನನಗೊಂದು ವಿಷಯ ತಿಳಿಯಬೇಕಿತ್ತು. ಮದುವೆಯಾದಾಗಿನಿಂದ ನಾನು ಮನಸ್ಸಿನಲ್ಲೇ ಕೇಳಿಕೊಂಡು ಬಂದ ಪ್ರಶ್ನೆ ಅದು: ರವಿವಾರದ ದಿನ ಈ ಮನುಷ್ಯ ಸೈಕಲ್ ಹತ್ತಿ ಎಲ್ಲಿಗೆ ಹೋಗುತ್ತಾನೆ? ಊರುಗಳ ಹೆಸರು ನನಗೆ ಗೊತ್ತಿದ್ದವು. ಆ ಊರುಗಳಲ್ಲಿ ನಿಮಗೇನು ಸಿಗುತ್ತದೆ ಎಂಬುದು ಗೊತ್ತಿರಲಿಲ್ಲ. ಅದರಲ್ಲೂ ನಿಮ್ಮ ಸೈಕಲ್ ಬಳಗದ ಉಳಿದವರೆಲ್ಲ ಊಟದ ಹೊತ್ತಿಗೆ ಮನೆ ಸೇರಿದರೆ ನೀವೊಬ್ಬರೇ ಹೊತ್ತು ಇಳಿದ ಮೇಲೆ ಬರುತ್ತಿದ್ದಿರಲ್ಲ, ಅದು ಯಾಕೆ? ನಮ್ಮ ಅವ್ವ ತವರಿನವರನ್ನೆಲ್ಲ ಕರೆದುಕೊಂಡು ಊಟಕ್ಕೆ ಬಂದಿದ್ದ ಆ ರವಿವಾರ ನಿಮಗೂ ನೆನಪಿರಬೇಕು. ದೀಪ ಹಚ್ಚುವ ಹೊತ್ತಿಗೆ ಬಂದಿರಿ, ಮಣಿಕಟ್ಟಿನವರೆಗೆ ಕರಿ ಗ್ರೀಸು. ಕೇಳಿದರೆ “ಒಬ್ರು ಹಿಂದ ಉಳಿದಿದ್ರು” ಅಂದಿರಿ. ಯಾರು ಅಂದರೆ ಸುಮ್ಮನೆ ಕೈ ತೊಳೆಯಲು ಹೋದಿರಿ. ಅವ್ವ ನನ್ನ ಮುಖ ನೋಡಿದರು. ಆಮೇಲೆ ನಾನು ‘ಯಾರು’ ಎಂದು ಕೇಳುವುದನ್ನೇ ಬಿಟ್ಟೆ. ನೀವು ಹೇಳುವುದನ್ನಂತೂ ಶುರುಮಾಡಿಯೇ ಇರಲಿಲ್ಲ.

ಈಗ ನಿಮಗೆ ಗೊತ್ತಿಲ್ಲದ ಸಂಗತಿ ಹೇಳುತ್ತೇನೆ. ಕಳೆದ ರವಿವಾರ ನಿಮ್ಮ ಬಳಗದ ವರ್ಷದ ದೊಡ್ಡ ಓಟಕ್ಕೆ ನಾನು ಹೋಗಿದ್ದೆ. ಸವಣೂರಿನಿಂದ ಶಿಗ್ಗಾಂವ, ಬಂಕಾಪುರ, ಹಾನಗಲ್ ಮೇಲೆ ಹಿರೇಕೆರೂರಿನವರೆಗೆ. ಮೊಣಕಾಲಿನಿಂದಾಗಿ ಈ ವರ್ಷ ನೀವು ಬರುವುದಿಲ್ಲವೆಂದು ಹೇಮಾ ಹೇಳಿದ ಮೇಲೇ ಹೆಸರು ಕೊಟ್ಟೆ, ಅದೂ ತವರಿನ ಅಡ್ಡಹೆಸರಿನಲ್ಲಿ. ದೀಪಾವಳಿ ರಜೆಯಿಂದ ಹೇಮಾಳ ಜೊತೆ, ಆಮೇಲೆ ಒಬ್ಬಳೇ, ಬೆಳಗಿನ ಜಾವ ಹಿರೇಬೆಂಡಿಗೇರಿ ಕಡೆ ಹೋಗಿ ಬಂದು ರೂಢಿ ಮಾಡಿಕೊಂಡಿದ್ದೆ. ಸೈಕಲ್ ನಿಮ್ಮದೇ, ನೀವು ಪಡಸಾಲೆಯಲ್ಲಿ ಬಿಟ್ಟುಹೋದ ಹಸಿರು ಬಣ್ಣದ್ದು. ಸೀಟು ಇಳಿಸಬೇಕೆಂದುಕೊಂಡಿದ್ದೆ, ಇಳಿಸಬೇಕಾಗಲಿಲ್ಲ. ನಮ್ಮಿಬ್ಬರ ಎತ್ತರ ಒಂದೇ ಎಂಬುದನ್ನು ಇಷ್ಟು ವರ್ಷ ನಾನು ಗಮನಿಸಿರಲೇ ಇಲ್ಲ.

ಹೊರಟಾಗ ನಾನು ನಡುವಿನಲ್ಲಿದ್ದೆ. ಶಿಗ್ಗಾಂವ ಬರುವಷ್ಟರಲ್ಲಿ ಕೊನೆಯವಳಾಗಿದ್ದೆ. ನಮ್ಮೂರ ಬಸ್‌ಸ್ಟ್ಯಾಂಡಿನ ಮುಂದೆ ಹಾಯುವಾಗ ಹೆಲ್ಮೆಟ್ಟಿನೊಳಗೆ ಮುಖ ತಗ್ಗಿಸಿದರೂ ಒಂಬತ್ತನೇ ಕ್ಲಾಸಿನ ಹುಡುಗಿಯೊಬ್ಬಳು “ಟೀಚರ್! ನಮ್ಮ ಇಂಗ್ಲಿಷ್ ಟೀಚರ್ರೀ!” ಎಂದು ಕೂಗಿದಳು. ನನ್ನ ಹಿಂದೆ ಬರುತ್ತಿದ್ದವರು ಅದನ್ನು ಕೇಳಿ ನಕ್ಕರು. ಅವರು ಸವಣೂರಿನ ವೀಳ್ಯದೆಲೆ ವ್ಯಾಪಾರಿ ನಾಸೀರ. ನಿಮಗೆ ಅವರನ್ನು ಪರಿಚಯಿಸಬೇಕಾಗಿಲ್ಲ. ನನಗೆ ಮಾತ್ರ ಅವರು ಅವತ್ತೇ ಹೊಸಬರು.

“ನೀವು ಮುಂದ ಹೋಗ್ರಿ, ನನ್ನ ಸಲುವಾಗಿ ನಿಂದರಬ್ಯಾಡ್ರಿ” ಅಂದೆ.

“ನಾ ಮುಂದ ಹೋಗಾಕ ಬರಂಗಿಲ್ರಿ ಅಕ್ಕಾರ. ನಾ ಬಾಲ ಅದೇನಿ. ಬಾಲ ಎಂದಾದ್ರೂ ದನದ ಮುಂದ ಹೊಕ್ಕೈತೇನ್ರಿ?”

ನಾನು ದನವಾದೆನಲ್ಲ ಎಂದು ಸಿಟ್ಟು ಬರಬೇಕಿತ್ತು, ನಗು ಬಂತು. ಬಳಗದಲ್ಲಿ ಒಬ್ಬರು ಬಾಲ ಆಗಿರುತ್ತಾರೆ, ಎಲ್ಲರಿಗಿಂತ ಹಿಂದಿರುವವರ ಹಿಂದೆಯೇ ಅವರು ಬರಬೇಕು, ಏನೇ ಆದರೂ ದಾಟಿ ಮುಂದೆ ಹೋಗಬಾರದು ಎಂದು ಅವರು ವಿವರಿಸಿದರು. ಅದರ ಜೊತೆಗೇ ತಮಾಷೆಯನ್ನೂ ಶುರುಮಾಡಿದರು. ಬಂಕಾಪುರದಲ್ಲಿ ಸೈಕಲ್ಲಿಗೆ ಟೋಲ್ ಇದೆ ಅಂದರು. ಮುಂದೆ ಸೇತುವೆ ಕುಸಿದಿದೆ, ಸೈಕಲ್ ತಲೆಯ ಮೇಲೆ ಹೊರಬೇಕು ಅಂದರು. ನಾನು ಎರಡನ್ನೂ ನಂಬಿದೆ. ಹೀಗಾಗಿ ಮೂರನೆಯ ಸಲ ಅವರು ನಿಜ ಹೇಳಿದಾಗ ನಂಬಲಿಲ್ಲ.

ಬಳಗದವರು ತಿರುವುಗಳಲ್ಲಿ ಸುಣ್ಣದ ಪುಡಿಯಿಂದ ಬಾಣದ ಗುರುತು ಹಾಕಿರುತ್ತಾರಲ್ಲ, ಬಂಕಾಪುರ ದಾಟಿದ ಮೇಲೆ ಅಂಥದೊಂದು ಎಡಕ್ಕೆ ಇತ್ತು. ನಾನು ತಿರುಗಿದೆ. ಹಿಂದಿನಿಂದ “ಅಕ್ಕಾರ, ಅದು ನಮ್ಮ ಬಾಣ ಅಲ್ರೀ! ನಮ್ಮ ಬಾಣದ ಬಾಜೂಕ ಗಾಲಿ ಇರತೈತ್ರೀ!” ಎಂದು ಕೂಗುತ್ತಲೇ ಇದ್ದರು. ಮತ್ತೆ ಮೋಸ ಹೋಗಬಾರದೆಂದು ನಾನು ಇನ್ನೂ ಜೋರಾಗಿ ತುಳಿದೆ. ಅವರಿಗೆ ನನ್ನನ್ನು ದಾಟಿ ಬಂದು ಅಡ್ಡ ನಿಲ್ಲುವ ಹಾಗಿಲ್ಲ. ಬಾಣಗಳು ನಮ್ಮಿಬ್ಬರನ್ನೂ ಕಬ್ಬಿನ ಹೊಲಗಳ ನಡುವೆ ಕರೆದುಕೊಂಡು ಹೋಗಿ ಒಂದು ಮದುವೆಯ ಹಂದರದ ಕೆಳಗೆ ನಿಲ್ಲಿಸಿದವು. ಬೀಗರು ದಾರಿ ತಪ್ಪಬಾರದೆಂದು ಆ ಮನೆಯವರೂ ಸುಣ್ಣದಿಂದಲೇ ಬಾಣ ಬರೆದಿದ್ದರು.

ಎಲ್ಲರೂ ನನ್ನತ್ತ ತಿರುಗಿದರು. ಹೇಮಾಳ ಟ್ರ್ಯಾಕ್ ಪ್ಯಾಂಟು, ತಲೆಯ ಮೇಲೆ ಹೆಲ್ಮೆಟ್ಟು, ಮುಖದ ತುಂಬ ಧೂಳು. ಬೀಗರ ಕಡೆಯವಳೆಂದು ತಿಳಿದು ಯಾರೋ ಕಾಲಿಗೆ ನೀರು ತಂದೇಬಿಟ್ಟರು. ಮದುಮಗಳ ಅಜ್ಜಿ ಶಂಕ್ರವ್ವ ಎಂಬವರು ಕಂಬಕ್ಕೆ ಒರಗಿ ಕುಳಿತಿದ್ದರು. ನಡೆದದ್ದು ತಿಳಿದ ಮೇಲೆ ಅವರು ನಕ್ಕ ರಭಸಕ್ಕೆ ಬಾಯೊಳಗಿನ ಎಲೆ ಅಡಿಕೆ ಸೆರಗಿಗೆ ಬಿತ್ತು. “ಬಾಣಾ ಕರ್ಕೊಂಡ ಬಂದಾವ ಅಂದ ಮ್ಯಾಲ ಉಣ್ಣದ ಹ್ಯಾಂಗ ಹೊಕ್ಕಿ? ಕುಂದರು” ಅಂದರು. ಉಪ್ಪಿಟ್ಟು, ಶಿರಾ ಬಂತು. ನಾಸೀರರು ಆಗಲೇ ಗಂಡಸರ ಪಂಕ್ತಿಯಲ್ಲಿ ಕುಳಿತು ಎರಡನೇ ಸಲ ಬಡಿಸಿಕೊಳ್ಳುತ್ತಿದ್ದರು.

“ಒಬ್ಬಾಕೀನ ಬಂದಿ ಏನವಾ? ನಿಮ್ಮ ಮನಿಯವರು?” ಎಂದು ಶಂಕ್ರವ್ವ ಕೇಳಿದರು.

“ಹಿಂದ ಬರಾಕತ್ತಾರ್ರಿ” ಅಂದೆ.

ಯಾಕೆ ಹಾಗೆ ಹೇಳಿದೆನೋ ಈಗಲೂ ತಿಳಿಯುತ್ತಿಲ್ಲ. ಹಿರೇಕೆರೂರಿನಲ್ಲಿದ್ದಾರೆ ಎನ್ನಬಹುದಿತ್ತು, ಅದು ನಿಜವೇ. ಬಂದಿಲ್ಲ ಎನ್ನಬಹುದಿತ್ತು. ಯಾರೂ ಒತ್ತಾಯ ಮಾಡಿರಲಿಲ್ಲ, ಬಾಯಿಗೆ ಬಂದದ್ದು ಆ ಮಾತು. ಶಂಕ್ರವ್ವ ಕೂಡಲೇ ಒಳಗಿನವರನ್ನು ಕರೆದು “ಹಿಂದ ಬರಾವ್ರಿಗೆ ಬುಂದೆ ಉಂಡಿ ಕಟ್ರಿ” ಅಂದರು. ನಾನು ಬೇಡವೆಂದೆ. ಅದಕ್ಕೆ ಸುತ್ತಲಿನ ಹೆಂಗಸರು ಇನ್ನೊಂದು ಹಟ ಹಿಡಿದರು: ಉಂಡಿ ಬೇಕಾದರೆ ಗಂಡನ ಹೆಸರು ಹಾಕಿ ಒಡಪು ಹೇಳಬೇಕು.

ನಮ್ಮ ಮದುವೆಯಲ್ಲಿ ನಿಮ್ಮ ಅತ್ತಿಗೆಯವರು ಒಡಪು ಹೇಳೆಂದು ಕೇಳಿದಾಗ ನನಗೆ ಬರುವುದಿಲ್ಲವೆಂದು ಕುಳಿತಿದ್ದೆ. ನಿಜವಾಗಿಯೂ ಬರುತ್ತಿರಲಿಲ್ಲ. ಸೊಸೆಗೆ ಸೊಕ್ಕು ಅಂದುಕೊಂಡರು. ಅವತ್ತು ಮಾತ್ರ ಹಂದರದ ಹೊರಗೆ ಒರಗಿಸಿಟ್ಟಿದ್ದ ಸೈಕಲ್ ನೋಡುತ್ತ ತಾನಾಗಿಯೇ ಬಂತು:

“ಮುಂದಿನ ಗಾಲಿ ಹಿಂದಿನ ಗಾಲಿ ಕೂಡೂದ ಇಲ್ಲ,
ಪರಮೇಶ ಅವ್ರನ ಬಿಟ್ಟು ಸೈಕಲ್ ಓಡೂದ ಇಲ್ಲ.”

ಹೆಂಗಸರು ಹೋ ಎಂದು ಕೂಗಿ ಉಂಡಿ ಪೊಟ್ಟಣ ಕೈಗಿಟ್ಟರು. ಗಂಡಸರ ಪಂಕ್ತಿಯಲ್ಲಿ ನಾಸೀರರು ತಲೆ ಎತ್ತಲಿಲ್ಲ. ನನಗೆ ಆಗಲೇ ಅನುಮಾನ ಬರಬೇಕಿತ್ತು.

ಮತ್ತೆ ಹಾನಗಲ್ ದಾರಿ ಹಿಡಿದ ಮೇಲೆ ಅವರು ತಮಾಷೆ ನಿಲ್ಲಿಸಿದರು. ಬಿಸಿಲು ಏರಿತ್ತು, ಎದುರು ಗಾಳಿ. ಕಬ್ಬಿನ ಟ್ರ್ಯಾಕ್ಟರುಗಳ ಹಿಂದೆ ಉದುರಿದ ಸೋಗೆ ಗಾಲಿಗೆ ಸಿಗುತ್ತಿತ್ತು. ನೀವು ಹುಡುಕಿಕೊಂಡು ಹೋಗುತ್ತಿದ್ದದ್ದು ಇದನ್ನೇ ಏನು ಎಂದು ಪ್ರತಿ ಏರಿನಲ್ಲೂ ಕೇಳಿಕೊಂಡೆ. ಒಂದು ಹಂತದ ನಂತರ ಪ್ರಶ್ನೆಯೇ ಇರಲಿಲ್ಲ, ಕಾಲು ಮತ್ತು ಉಸಿರು ಮಾತ್ರ ಇದ್ದವು. ಅದು ಹಿತವಾಗಿತ್ತು. ಹಿತವಾಗಿತ್ತು ಎಂದು ಒಪ್ಪಿಕೊಳ್ಳಲು ಸ್ವಲ್ಪ ಹೊಟ್ಟೆಕಿಚ್ಚೂ ಆಯಿತು.

ಅಕ್ಕಿಆಲೂರಿನ ಹತ್ತಿರ ಬೇವಿನ ನೆರಳಿನಲ್ಲಿ ಕುಳಿತಾಗ ನನ್ನ ಕಾಲು ಕಟ್ಟಿಕೊಂಡಿತ್ತು. ಬಳಗದ ಟೆಂಪೋ ಕರೆಸಿ ಎಂದುಬಿಟ್ಟೆ. ನಾಸೀರರು ಕರೆಸಲಿಲ್ಲ, ಬೇಡವೆನ್ನಲೂ ಇಲ್ಲ. ಲಿಂಬೆಹಣ್ಣು ಹಿಂಡಿ ಉಪ್ಪು ಹಾಕಿ ಕೊಟ್ಟು ದೂರ ಹೋಗಿ ಕುಳಿತರು. ನಾನೇ ಕೇಳಿದೆ, ನಿಮಗೆ ಮನೆಗೆ ತಡವಾಗುವುದಿಲ್ಲವೇ ಎಂದು.

“ಆಗತೈತ್ರಿ. ನಮ್ಮಾಕಿ ಸುಮೇರಾ ಬೈತಾಳ್ರಿ. ಆದ್ರ ಈ ಕೆಲಸ ನನಗ ಈ ವರ್ಷ ಬಂದೈತಿ. ಹತ್ತು ವರ್ಷ ನಮ್ಮ ಸರ್ ಒಬ್ರ ಮಾಡ್ಯಾರ. ಎಂಥಾವ್ರು ಹಿಂದ ಉಳದಾರ, ಏನೇನ ಕತಿ ಆಗ್ಯಾವ! ಒಂದೂ ಯಾರ ಮುಂದೂ ಹೇಳಿಲ್ರಿ.”

“ಯಾಕ ಹೇಳಿಲ್ಲ?”

“ಹೇಳಂಗಿಲ್ರಿ. ಬಾಲ ಆದಾಂವ ಯಾರು ಹಿಂದ ಉಳದ್ರು ಅಂತ ಎಲ್ಲೂ ಬಾಯಿ ಬಿಡಬಾರದು. ಕಡೀಕ ಇಬ್ರೂ ಜೋಡೀಲೆ ಬರಬೇಕು. ಅವ್ರು ಬರೂತನಾ ಊಟದ ಎಲಿ ಹಾಕಂಗಿಲ್ಲ. ಬಂದ ಮ್ಯಾಲ ಕಡೀಕ ಯಾರು ಅಂತ ಯಾರೂ ಕೇಳಂಗಿಲ್ಲ. ಹಂಗ ಇದ್ದದ್ದಕ್ಕ ನನ್ನಂಥಾ ದಪ್ಪನ್ನಾಂವ ಎರಡನೇ ಸಲಾ ಬಂದೇನ್ರಿ.”

ನಾನು ಸೈಕಲ್ ಕಡೆ ನೋಡಿದೆ. ಅವರೂ ನೋಡಿದರು. ಹ್ಯಾಂಡಲಿನ ಮೇಲಿನ ಹಿತ್ತಾಳೆಯ ಬೆಲ್ಲನ್ನು ಬೆರಳಿನಿಂದ ಮುಟ್ಟಿ, “ಇದು ನಮ್ಮ ಅಜ್ಜನ ಟಾಂಗಾದ್ದು. ಸರ್‌ಗೆ ನಾನ ಕೊಟ್ಟಿದ್ದೆ. ಸವಣೂರಾಗ ನಿಮ್ಮ ಕೈಯಾಗ ನೋಡಿದಾಗ ಗೊತ್ತಾತ್ರಿ, ಅಕ್ಕಾರ. ಒಡಪು ಚಲೋ ಇತ್ತು” ಅಂದರು.

ಅವ್ವ ಬಂದಿದ್ದ ಆ ರವಿವಾರ ಹಿಂದೆ ಉಳಿದವರು ಯಾರು ಎಂದು ಅವರನ್ನು ಕೇಳಬೇಕೆನಿಸಿತು. ಕೇಳಲಿಲ್ಲ. ಗೊತ್ತಿದ್ದರೂ ಅವರು ಹೇಳುತ್ತಿರಲಿಲ್ಲ, ಮತ್ತು ಹೇಳದಿರುವುದು ಸರಿ ಎಂದು ಆ ನೆರಳಿನಲ್ಲಿ ಕುಳಿತಾಗ ನನಗೂ ಅನಿಸಿತ್ತು, ಯಾಕೆಂದರೆ ಈಗ ಹಿಂದೆ ಉಳಿದವಳು ನಾನಾಗಿದ್ದೆ.

ಆದರೂ ಒಂದು ಮಾತು ಬರೆಯದೆ ಇರಲಾರೆ. ದಾರಿಯಲ್ಲಿ ಸಿಕ್ಕ ಯಾರೋ ಒಬ್ಬರ ಮಾನ ಉಳಿಸಲು ನೀವು ಅಷ್ಟು ವರ್ಷ ಮೌನವಾಗಿದ್ದಿರಿ. ಮನೆಯಲ್ಲಿ ಒಬ್ಬಳು ಹಿಂದೆ ಉಳಿದಿದ್ದಾಳೆ ಎಂಬುದು ನಿಮಗೆ ಕಾಣಲಿಲ್ಲವೇ? ಹೆಸರು ಹೇಳದೆ ನಿಯಮವನ್ನಷ್ಟೇ ಹೇಳಿದ್ದರೆ ಸಾಕಿತ್ತು. ಇದನ್ನು ಸಿಟ್ಟಿನಿಂದ ಕೇಳುತ್ತಿದ್ದೇನೆಯೇ ಎಂದು ಎರಡು ಸಲ ಓದಿ ನೋಡಿದೆ. ಸಿಟ್ಟು ಸ್ವಲ್ಪ ಇದೆ. ತಿಳಿಯುವ ಆಸೆ ಅದಕ್ಕಿಂತ ಹೆಚ್ಚು ಇದೆ.

ಹಿರೇಕೆರೂರಿನ ಕೆರೆ ದಂಡೆಗೆ ನಾವಿಬ್ಬರೂ ಜೋಡಿಯಾಗಿ ಬಂದೆವು. ಎಲೆ ಹಾಕಿರಲಿಲ್ಲ. ಅಷ್ಟೊಂದು ಜನ ಹಸಿದು ಕುಳಿತಿದ್ದರೂ ಯಾರೂ ಗಡಿಯಾರ ನೋಡಲಿಲ್ಲ. ಗುದ್ಲೆಪ್ಪ ಎಂಬ ಹಿರಿಯರು “ಬರ್ರಿ ಬರ್ರಿ, ಈಗರ ಅನ್ನ ಇಳೀತು” ಎಂದು ಸುಳ್ಳು ಹೇಳಿದರು. ಅನ್ನ ಆರಿತ್ತು. ಊಟ ಮುಗಿಸಿ ಬಳಗದ ಟೆಂಪೋದಲ್ಲಿ ಸೈಕಲ್ ಏರಿಸಿ ಊರಿಗೆ ಬಂದೆ. ಮರುದಿನ ಶಾಲೆಯಲ್ಲಿ ಮೆಟ್ಟಿಲು ಇಳಿಯುವಾಗ ಗೋಡೆ ಹಿಡಿಯಬೇಕಾಯಿತು.

ನಿಮ್ಮ ಪ್ರಶ್ನೆಗೆ ಉತ್ತರ ಇನ್ನೂ ಬರೆದಿಲ್ಲವೆಂದು ನನಗೆ ಗೊತ್ತು. ಹೂಂ ಎನ್ನುವುದು ಸುಲಭ. ಹೂಂ ಎಂದ ಮೇಲೆ ಒಂದೇ ಮನೆಯಲ್ಲಿ ಮತ್ತೆ ಇಬ್ಬರೂ ಬೇರೆ ಬೇರೆ ಬಾಣ ಹಿಡಿದು ಹೋದರೆ ಏನು ಮಾಡುವುದು ಎಂಬುದನ್ನೇ ಯೋಚಿಸುತ್ತಿದ್ದೇನೆ. ಮೊಣಕಾಲಿಗೆ ಎಣ್ಣೆ ಹಚ್ಚುವುದನ್ನು ಮರೆಯಬೇಡಿ.

ಇಂತಿ,
ನಿಮ್ಮ ಸೈಕಲ್ ಇಟ್ಟುಕೊಂಡಿರುವ
ನೀಲಾಂಬಿಕಾ

ತಾ.ಕ.: ಊಟವಾದ ಮೇಲೆ ಟೆಂಪೋ ಹೊರಡಲು ತಡವಿತ್ತು. ಅವತ್ತು ನಿಮ್ಮ ಗೇಟಿಗೆ ಅರಿಶಿನ ದಾರ ಸುತ್ತಿದ ಉಂಡಿ ಪೊಟ್ಟಣ ನೇತುಹಾಕಿದವಳು ನಾನೇ. ಅದರಲ್ಲಿ ಒಂದು ಉಂಡಿ ಕಡಿಮೆ ಇದ್ದರೆ ಅದನ್ನು ನಿಮ್ಮ ಕಟ್ಟೆಯ ಮೇಲೆ ಕುಳಿತು ನಾನು ತಿಂದಿದ್ದೆ. ಒಳಗೆ ರೇಡಿಯೋ ಕೇಳುತ್ತಿತ್ತು. ಬಾಗಿಲು ತಟ್ಟಲು ಧೈರ್ಯವಾಗದೆ ಸೈಕಲ್ ಬೆಲ್ ಒಂದೇ ಒಂದು ಸಲ ಬಾರಿಸಿದೆ. ರೇಡಿಯೋ ನಿಂತಿತು. ನೀವು ಎದ್ದು ಬರುವಷ್ಟರಲ್ಲಿ ನಾನು ತಿರುವು ದಾಟಿದ್ದೆ. ಆ ಬೆಲ್ಲಿನ ದನಿ ನೀವು ಗುರುತು ಹಿಡಿದಿರಾ? ಹಿಡಿದಿದ್ದರೆ ಅರ್ಜಿಯಲ್ಲಿ ಪತಿ–ಪತ್ನಿ ಎಂದು ಬರೆಯಿರಿ. ಹಿಡಿಯದಿದ್ದರೂ ಬರೆಯಿರಿ.