ಸಾಂತಾನ ಕಂಕುಳಿನ ಹೊಲಿಗೆ

ಅಡುಗೆಮನೆಯ ಮೇಜು,
ಡಿಸೆಂಬರ್ 23, ಮಂಗಳವಾರ, ಬೆಳಿಗ್ಗೆ ಎಂಟೂವರೆ

ಪ್ರೀತಿಯ ಅಕ್ಕಾ,

ನಿನ್ನ ಮಂಡಿನೋವು ಹೇಗಿದೆ, ಭಾವನ ಕೆಮ್ಮು ಇಳಿಯಿತೇ ಎಂದು ಕೇಳುವುದಕ್ಕೂ ಮೊದಲು, ಅರವತ್ತೊಂದು ವರ್ಷ ವಯಸ್ಸಿನ, ಈವರೆಗೆ ಯಾವ ಠಾಣೆಯ ಮೆಟ್ಟಿಲನ್ನೂ ತುಳಿಯದ, ಲಿಫ್ಟ್ ಪರೀಕ್ಷಕನ ಹುದ್ದೆಗೆ ಏರಿ ಅಷ್ಟೇ ಮರ್ಯಾದೆಯಿಂದ ಇಳಿದ ನಾನು, ಸ್ವಸ್ಥಚಿತ್ತನಾಗಿ, ಯಾರ ಒತ್ತಾಯವೂ ಇಲ್ಲದೆ, ಒಂದು ಅಪರಾಧವನ್ನು ಒಪ್ಪಿಕೊಳ್ಳುತ್ತಿದ್ದೇನೆ. ನಿನ್ನೆ ಸಂಜೆ ನಿನಗೆ ಕಳಿಸಿದ ಫೋಟೋದಲ್ಲಿದ್ದ ಪಟ್ಟಿ ಸುಳ್ಳು. ನನ್ನ ಹೆಂಡತಿಗೆಂದು ನಮ್ಮ ಫ್ರಿಜ್ಜಿನ ಬಾಗಿಲಿಗೆ ನೀನು ಅಂಟಿಸಿ ಹೋದ ಪಟ್ಟಿ: ಏಳಕ್ಕೆ ಮಾತ್ರೆ, ಎಂಟಕ್ಕೆ ತಿಂಡಿ, ಒಂಬತ್ತರಿಂದ ಹನ್ನೊಂದು ವಿಶ್ರಾಂತಿ, ಆಮೇಲೆ ಮಲಗುವ ಕೋಣೆಯಿಂದ ಬಾಲ್ಕನಿವರೆಗೆ ಆರು ಸಲ ನಡಿಗೆ, ನಡೆದು ದಣಿದದ್ದಕ್ಕೆ ಎರಡರಿಂದ ನಾಲ್ಕು ಮತ್ತೆ ವಿಶ್ರಾಂತಿ. ಅದರಲ್ಲಿ ಸೋಮವಾರದ ಅಷ್ಟೂ ಚೌಕಗಳಿಗೆ ಬೆಳಿಗ್ಗೆ ಆರೂವರೆಗೇ, ಹಲ್ಲುಜ್ಜುವ ಮೊದಲೇ, ನಾನು ಸರಿ ಗುರುತು ಹಾಕಿ ಮುಗಿಸಿದ್ದೆ. ಅನುಮಾನ ಬರಬಾರದೆಂದು ಮೂರು ಪೆನ್ನು ಬಳಸಿದೆ. ನಾಲ್ಕು ಗಂಟೆಯ ಗುರುತನ್ನು ಸ್ವಲ್ಪ ನಡುಗಿಸಿಯೇ ಹಾಕಿದೆ, ನಿದ್ದೆಗಣ್ಣಿನಲ್ಲಿ ಹಾಕಿದಂತಿರಲಿ ಎಂದು. ಮೂವತ್ತೆರಡು ವರ್ಷ ಬೇರೆಯವರ ಸುಳ್ಳು ಗುರುತುಗಳನ್ನು ಹಿಡಿದವನಿಗೆ ಆ ವಿದ್ಯೆ ಇಷ್ಟು ಸಲೀಸಾಗಿ ಕೈಗೆ ಬರುತ್ತದೆಂದು ಗೊತ್ತಿರಲಿಲ್ಲ. ಮಾತ್ರೆಗಳ ಗುರುತು ಮಾತ್ರ ನಿಜ. ಅವನ್ನು ಜೇಬಿನಲ್ಲಿಟ್ಟುಕೊಂಡು ಹೋಗಿ ಹೊತ್ತಿಗೆ ಸರಿಯಾಗಿ ಕೊಟ್ಟಿದ್ದೇನೆ. ಉಳಿದಂತೆ, ನಿನ್ನ ಲೆಕ್ಕದಲ್ಲಿ ಇವಳು ಗೋಡೆ ಕಡೆ ತಿರುಗಿ ಮಲಗಿದ್ದ ಹೊತ್ತಿನಲ್ಲಿ, ಊರಾಚೆಯ ಥೀಮ್ ಪಾರ್ಕಿನಲ್ಲಿ ಒಂದು ಮರದ ಕುದುರೆಯ ಮೇಲೆ ಕೂತಿದ್ದಳು. ಕುದುರೆಗೆ ಕೆಂಪು ಟೋಪಿ ಹಾಕಿದ್ದರು.

ಈಗ ಕೇಳುತ್ತೇನೆ. ಮಂಡಿ ಹೇಗಿದೆ? ಬಿಸಿನೀರಿನ ಶಾಖ ಕೊಟ್ಟುಕೊಳ್ಳುತ್ತಿದ್ದೀಯೋ, ಇಲ್ಲ ಓಣಿಯವರ ಮಂಡಿಗಳಿಗೆಲ್ಲ ಶಾಖದ ಸಲಹೆ ಕೊಡುವುದರಲ್ಲೇ ನಿನ್ನ ಹೊತ್ತು ಹೋಗುತ್ತಿದೆಯೋ? ಆಸ್ಪತ್ರೆಯ ಮೇಟ್ರನ್ ಕುರ್ಚಿ ಬಿಟ್ಟು ಒಂಬತ್ತು ವರ್ಷವಾದರೂ ನೀನು ಬಾಗಿಲಲ್ಲಿ ಕಾಣಿಸಿಕೊಂಡರೆ ಭಾವ ಹಾಸಿಗೆಯ ಮೇಲಿನ ಹೊದಿಕೆ ಸರಿಮಾಡಿಕೊಳ್ಳುತ್ತಾರಂತೆ. ಅವರ ಕೆಮ್ಮು ವಾಸಿಯಾಗಿದ್ದರೂ ಹೆದರಿಕೊಂಡು ಹೇಳಿರಲಿಕ್ಕಿಲ್ಲ, ನೀನೇ ವಿಚಾರಿಸು.

ವಿಷಯಕ್ಕೆ ಬರುತ್ತೇನೆ. ಸೆಪ್ಟೆಂಬರಿನಲ್ಲಿ ಇವಳ ಬಲಗೈ ಕೈಕೊಟ್ಟಿತು. ಸಣ್ಣ ಪಾರ್ಶ್ವವಾಯು ಎಂದರು. ಕಾಲು ಹತ್ತು ದಿನದಲ್ಲಿ ನೆಟ್ಟಗಾಯಿತು, ಮಾತಿಗೆ ಏನೂ ಆಗಲೇ ಇಲ್ಲ, ಕೈ ಮಾತ್ರ ಮುನಿಸಿಕೊಂಡು ಕೂತಿತು. ನೀನು ಮರುದಿನವೇ ಓಡಿ ಬಂದೆ, ಮೂರು ವಾರ ಈ ಮನೆಯನ್ನು ವಾರ್ಡಿನಂತೆ ನಡೆಸಿದೆ. ಅವಳ ತಲೆ ಬಾಚಿದೆ, ತುತ್ತು ಕೊಟ್ಟೆ, ನಾನು ಬಚ್ಚಲಲ್ಲಿ ನಲ್ಲಿ ಬಿಟ್ಟುಕೊಂಡು ಅಳುತ್ತಿದ್ದಾಗ ಬಾಗಿಲು ಬಡಿದು 'ನೀರು ಪೋಲು ಮಾಡ್ಬೇಡ ಪುಟ್ಟಾ, ಹೊರಗೆ ಬಂದು ಅಳು' ಎಂದೆ. ಅಮ್ಮ ಹೋದ ಮೇಲೆ ನನ್ನನ್ನು ಸಾಕಿದ್ದು ನೀನು. ಇದನ್ನೆಲ್ಲ ಮರೆತರೆ ನಾನು ಮನುಷ್ಯನಲ್ಲ. ಆದರೆ ಹೊರಡುವ ಹಿಂದಿನ ದಿನ ಹಾಲ್‌ನಲ್ಲಿ ನಿಂತು ಅವಳ ಹೊಲಿಗೆ ಮೆಷಿನ್ ತೋರಿಸಿ 'ಇನ್ನೇನು ಹೊಲೀತಾಳೆ ಅವಳು, ಯಾರಿಗಾದ್ರೂ ಕೊಟ್ಬಿಡು, ಜಾಗಾನಾದ್ರೂ ಆಗುತ್ತೆ' ಎಂದೆಯಲ್ಲ, ಅದು ಅವಳ ಕಿವಿಗೆ ಬಿತ್ತು. ಇಪ್ಪತ್ತೆಂಟು ವರ್ಷ ಅದೇ ಮೆಷಿನ್ನಿನ ಮೇಲೆ ಶಾಲೆಗಳ ನಾಟಕಕ್ಕೆ ರಾಜರನ್ನೂ ಹುಲಿಗಳನ್ನೂ ಪೊಲೀಸರನ್ನೂ ತಯಾರಿಸಿದವಳು ಅವಳು. ಮಾರನೇ ದಿನ ಮೆಷಿನ್ ಮೇಲೆ ಮೇಜಿನ ಬಟ್ಟೆ ಹಾಸಿ, ಅದರ ಮೇಲೆ ಒಂದು ಹೂಕುಂಡ ಇಟ್ಟಳು. ಎಡಗೈಯಲ್ಲೇ ಇಟ್ಟಳು. ಕಸರತ್ತು ಕಲಿಸಲು ಬರುವ ಹೆಂಗಸು ದಿನಾ ಐವತ್ತು ಸಲ ಹಿಸುಕಿ ಎಂದು ಕೊಟ್ಟ ರಬ್ಬರ್ ಚೆಂಡು ಅಂದಿನಿಂದ ಸೋಫಾದ ಕೆಳಗಿದೆ. 'ಉಪಯೋಗಿಸಿದ್ರೆ ಬರುತ್ತೆ, ಇಲ್ದಿದ್ರೆ ಹೋಗುತ್ತೆ, ಅಷ್ಟೇ ಸಾರ್' ಎಂದು ಆಕೆ ನನಗೆ ಮೂರು ಸಲ ಹೇಳಿದ್ದಾಳೆ. ನೀನೋ, ಕೈ ಅಲ್ಲಾಡಿಸಲೇ ಕೂಡದು ಎನ್ನುತ್ತೀ. ಈಗ ಬರುವ ಭಾನುವಾರ ಕಾರು ಕಳಿಸಿ, ಆರು ತಿಂಗಳು ನಿನ್ನ ಮನೆಯಲ್ಲಿ ಇವಳನ್ನು ಇಟ್ಟುಕೊಂಡು, ಒಂದು ಚಮಚವನ್ನೂ ಎತ್ತಲು ಬಿಡದೆ ನೋಡಿಕೊಳ್ಳುವುದಾಗಿ ಹೇಳಿದ್ದೀಯೆ. ನೀನು ಹೇಳಿದಂತೆಯೇ ಮಾಡುತ್ತೀ ಎಂಬುದೇ ನನ್ನ ಭಯ.

ಅದಕ್ಕೇ ನಿನ್ನೆಯ ದಂಡಯಾತ್ರೆ. ಇವಳಿಗೆ 'ಸ್ವೆಟರ್ ಹಾಕ್ಕೋ, ಬ್ಯಾಂಕಿಗೆ ಹೋಗ್ಬೇಕು' ಎಂದೆ. ಬಸ್ಸು ಬ್ಯಾಂಕನ್ನು ದಾಟಿ ಮುಂದೆ ಹೋಯಿತು. ಪಾರ್ಕಿನ ಕಮಾನು ಕಂಡಾಗ ಇವಳು, 'ಅತ್ತಿಗೆಗೆ ಗೊತ್ತಾದ್ರೆ ನಿಮ್ಮನ್ನ ಅಡ್ಮಿಟ್ ಮಾಡ್ತಾರೆ' ಎಂದಳು. ಒಳಗೆ ಎಲ್ಲೆಲ್ಲೂ ಕ್ರಿಸ್‌ಮಸ್. ಮೂರು ಮಹಡಿ ಎತ್ತರದ ಮರಕ್ಕೆ ನಕ್ಷತ್ರಗಳನ್ನು ಕಟ್ಟಿದ್ದರು, ಒಂದು ಯಂತ್ರ ಹತ್ತು ನಿಮಿಷಕ್ಕೊಮ್ಮೆ ಸಾಬೂನಿನ ಹಿಮ ಉಗುಳುತ್ತಿತ್ತು, ದೀಪದ ಜಿಂಕೆಗಳಲ್ಲಿ ಒಂದಕ್ಕೆ ಹಿಂಗಾಲು ಉರಿಯುತ್ತಿರಲಿಲ್ಲ. ಮರವನ್ನು ಹಿಡಿದು ನಿಲ್ಲಿಸಿದ್ದ ತಂತಿಗಳನ್ನು ನಾನು ಎಣಿಸಿದೆ. ಎಂಟಿರಬೇಕಾದಲ್ಲಿ ಎಂಟಿದ್ದವು. 'ಮರ ನೋಡ್ರೀ ಅಂದ್ರೆ ಬೋಲ್ಟು ನೋಡ್ತೀರಲ್ಲ' ಎಂದು ಇವಳು ಬೈದಳು. ಮದುವೆಯ ಮೊದಲ ವಾರದಲ್ಲಿ ಹೋಟೆಲಿನ ಲಿಫ್ಟಿನೊಳಗೆ ಇವಳು ನನ್ನ ಕಣ್ಣನ್ನೇ ನೋಡುತ್ತಿದ್ದಾಗ ನಾನು ಸೀಲಿಂಗ್ ನೋಡುತ್ತಿದ್ದೆನೆಂಬ ಕೇಸು ಇನ್ನೂ ಇತ್ಯರ್ಥವಾಗಿಲ್ಲ.

ಅಕ್ಕಾ, ಎಷ್ಟು ಸೋಮಾರಿ ದಿನ ಅದು, ನಿನಗೆ ಹೊಟ್ಟೆಕಿಚ್ಚಾಗುವಂತೆ ಬರೆಯುತ್ತೇನೆ. ಕೊಳದ ಪಕ್ಕದ ಬೆಂಚಿನ ಮೇಲೆ ಒಂದು ಗಂಟೆ ಸುಮ್ಮನೆ ಕೂತೆವು. ಇವಳು ಎಡಗೈಯಲ್ಲಿ ಐಸ್‌ಕ್ರೀಮ್ ತಿಂದಳು. ಬಲಗೈ ಯಾವಾಗಿನಂತೆ ಸ್ವೆಟರ್ ಜೇಬಿನೊಳಗೆ, ಬೇಡದ ನೆಂಟನಂತೆ. ದೋಣಿಯಲ್ಲಿ ಒಂದು ಸುತ್ತು ಹೋದೆವು. ದೋಣಿ ಹಳಿಯ ಮೇಲೆ ಓಡುವಂಥದ್ದು, ಆದರೂ ನಾನು ಹುಟ್ಟು ಹಾಕಿದೆ, ಇವಳ ಮುಂದೆ ಒಂದಿಷ್ಟು ಶೌರ್ಯ ಬೇಕಲ್ಲ. ಕಸರತ್ತಿನ ಹೆಂಗಸು ಹೊರಗೆ ಸುತ್ತಾಡಿಸಿ ಎಂದೂ ಹೇಳಿದ್ದಳು, ಗಿರಗಿರ ತಿರುಗುವ ಮರದ ಕುದುರೆ ಅದನ್ನು ಅಕ್ಷರಶಃ ಪಾಲಿಸಿತು. ಎರಡು ಸುತ್ತಿನ ಮೇಲೆ ನನಗೆ ತಲೆ ತಿರುಗಿತು, ಇವಳು ಮೂರನೆಯದಕ್ಕೂ ಕೂತಳು.

ಆಮೇಲೆ ಸಾಂತಾ. ದೊಡ್ಡ ಮರದ ಕೆಳಗೆ ಜಿಂಕೆಗಳು ಎಳೆಯುವಂಥ ಒಂದು ಜಾರುಬಂಡಿ, ಅದರಲ್ಲಿ ಕೆಂಪು ಕೋಟಿನ ಸಾಂತಾ ಕ್ಲಾಸ್, ಎದುರಿಗೆ ಮಕ್ಕಳ ಸಾಲು. ಅವನು ಸಾಲಿನ ತುದಿಯ ಕೂಸಿಗೆ ಕೈ ಬೀಸಲು ತೋಳೆತ್ತಿದ್ದೇ ತಡ, ಬಲ ಕಂಕುಳಿನ ಹೊಲಿಗೆ ಪರ್ರೆಂದು ಸೊಂಟದವರೆಗೆ ಬಿಟ್ಟುಕೊಂಡಿತು. ಸಾಂತಾ ಶಾಂತನಾಗಿಯೇ ತೋಳಿಳಿಸಿ, ನಿನ್ನ ವಾರ್ಡಿನಲ್ಲಿ ಥರ್ಮಾಮೀಟರ್ ಇಟ್ಟುಕೊಂಡ ರೋಗಿಯಂತೆ ಅಲುಗಾಡದೆ ಕೂತ. ಮಕ್ಕಳು ಕೈಕುಲುಕಲು ಬಂದರೆ ಎಡಗೈ ಕೊಡತೊಡಗಿದ. ಇವಳು ಅದನ್ನೇ ನೋಡುತ್ತ ನಿಂತಳು. ಬಲಗೈಯನ್ನು ಬಚ್ಚಿಟ್ಟುಕೊಂಡು ಎಡಗೈ ಕೊಡುವುದು ಏನೆಂದು ಆ ಗುಂಪಿನಲ್ಲಿ ಇವಳಷ್ಟು ಚೆನ್ನಾಗಿ ಗೊತ್ತಿದ್ದವರು ಯಾರೂ ಇರಲಿಲ್ಲ. ಸಾಲು ಬಿಟ್ಟು ನೇರ ಜಾರುಬಂಡಿ ಹತ್ತಿದಳು. ನಾನು ಹಿಂದೆ ಓಡಿದೆ.

'ಯಾರು ಹೊಲಿದಿದ್ದು ಇದನ್ನ?' ಇದು ಇವಳ ಮೊದಲ ಪ್ರಶ್ನೆ. ಸಾಂತಾ ಗಡ್ಡದೊಳಗಿಂದ, 'ಗೊತ್ತಿಲ್ಲ ಮೇಡಂ, ನಾನು ಇಲ್ಲಿ ಎಲೆಕ್ಟ್ರಿಷಿಯನ್ನು. ಮಾಮೂಲಿ ಸಾಂತಾಗೆ ಸೊಂಟ ಹಿಡ್ಕೊಂಡಿದೆ. ಅವ್ರು ತೆಳ್ಳಗೆ, ನಾನು ಹಿಂಗೆ' ಎಂದ. 'ಕಂಕುಳಿಗೆ ಒಂದು ತುಂಡು ಬಟ್ಟೆ ಹೆಚ್ಚಿಗೆ ಕೊಟ್ಟಿಲ್ಲ ನೋಡಿ. ಸಾಂತಾಗೆ ಕೈ ಎತ್ತೋದೇ ಕೆಲ್ಸ ಅಲ್ವೇನ್ರೀ' ಎಂದು ನನ್ನನ್ನು ದಬಾಯಿಸಿದಳು, ನಾನೇ ಹೊಲಿದವನಂತೆ. ಕೈಚೀಲದ ತಳದಿಂದ ಸೂಜಿಯ ಡಬ್ಬಿ ಬಂತು, ದಾರದ ಉಂಡೆ ಬಂತು. ಮೂರು ತಿಂಗಳಿಂದ ಅವನ್ನು ಹೊತ್ತು ತಿರುಗುತ್ತಿದ್ದಳೆಂದು ನನಗೇ ಗೊತ್ತಿರಲಿಲ್ಲ. ನಾನು ಪೋಣಿಸಿ ಕೊಡುತ್ತೇನೆ ಎಂದೆ. 'ನೀವು ಸುಮ್ನಿರಿ' ಎಂದಳು. ಸೂಜಿಯನ್ನು ಎಡಗೈಯಲ್ಲಿ ಹಿಡಿದಳು. ಬಲಗೈ ಜೇಬಿನಿಂದ ಹೊರಗೆ ಬಂತು.

ಮೊದಲ ಸಲ ದಾರ ಸೂಜಿಯ ಹತ್ತಿರವೇ ಸುಳಿಯಲಿಲ್ಲ. ಎರಡನೇ ಸಲ ಸೂಜಿಯ ಕಣ್ಣಿಗೆ ತಾಗಿ ಸೀಳಿಕೊಂಡಿತು. ಬೆರಳು ಎಷ್ಟು ನಡುಗುತ್ತಿತ್ತೆಂದರೆ ನಾನು ಮರದ ತಂತಿಗಳನ್ನು ಮತ್ತೆ ಎಣಿಸಲು ಶುರುಮಾಡಿದೆ. ಸಾಂತಾ, 'ಅವಸರ ಇಲ್ಲ ಮೇಡಂ, ನಂಗೂ ಕೂತ್ಕೊಂಡಿರೋದೇ ಡ್ಯೂಟಿ' ಎಂದ. ಇವಳು ದಾರದ ತುದಿಯನ್ನು ಹಲ್ಲಿನಲ್ಲಿ ಕಡಿದು, ತುಟಿಯಲ್ಲಿ ಒದ್ದೆ ಮಾಡಿ, ಉಸಿರು ಹಿಡಿದಳು. ಮೂರನೇ ಸಲ ಹೋಯಿತು. ಸಾಲಿನಲ್ಲಿ ಮುಂದಿದ್ದ ಒಂದು ಹುಡುಗಿ, 'ಅಜ್ಜೀ, ಸಾಂತಾಗೆ ನೋವಾಗುತ್ತಾ?' ಎಂದು ಕೇಳಿದಳು. 'ಅಲ್ಲಾಡಿದ್ರೆ ಆಗುತ್ತೆ' ಎಂದಳು ಇವಳು. ಸಾಂತಾ ಉಸಿರಾಡುವುದನ್ನೂ ನಿಲ್ಲಿಸಿದ.

ಇಪ್ಪತ್ತು ನಿಮಿಷ ಹಿಡಿಯಿತು. ಹೊಲಿಗೆ ನೇರವಾಗಿರಲಿಲ್ಲ, ಸುಳ್ಳು ಹೇಳುವುದಿಲ್ಲ. ಕುಡಿದು ಮನೆಗೆ ಹೊರಟವನ ದಾರಿಯಂತಿತ್ತು. 'ಸೊಟ್ಟ ಬಂದಿದೆ, ಬಿಚ್ಚಿ ಮತ್ತೆ ಹಾಕ್ತೀನಿ' ಎಂದು ಸಿಡುಕಿದಳು. 'ಬೇಡ ಮೇಡಂ, ದಮ್ಮಯ್ಯ' ಎಂದ ಸಾಂತಾ, ಎದ್ದು, ಎರಡೂ ತೋಳು ಮೇಲಕ್ಕೆತ್ತಿ ಪರೀಕ್ಷೆ ಮಾಡಿದ. ಹೊಲಿಗೆ ನಿಂತಿತು. ಮಕ್ಕಳು ಚಪ್ಪಾಳೆ ತಟ್ಟಿದರು, ತೋಳಿಗೋ ಹೊಲಿಗೆಗೋ ಗೊತ್ತಿಲ್ಲ. ನಾನು ಗಮನಿಸಿದ್ದು ಆ ಸಿಡುಕನ್ನು. ಮೂರು ತಿಂಗಳು ಇವಳು ಯಾವುದರ ಮೇಲೂ ಸಿಡುಕಿರಲಿಲ್ಲ. ಕೊಟ್ಟದ್ದನ್ನು ತಿಂದು, ಹೇಳಿದಲ್ಲಿ ಮಲಗಿ, ನಿನ್ನ ಪಟ್ಟಿಗೆ ತಕ್ಕ ರೋಗಿಯಾಗಿದ್ದಳು. ನಿನ್ನೆ ಒಂದು ಸೊಟ್ಟ ಹೊಲಿಗೆಗೆ ನನ್ನ ಹಳೆಯ ಹೆಂಡತಿ ವಾಪಸ್ ಬಂದಳು.

ಸುದ್ದಿ ಪಾರ್ಕಿನಲ್ಲಿ ಹರಡಿತು. ಹಿಮದ ಬೊಂಬೆಯ ವೇಷ ಹಾಕಿದ್ದ ಹೆಂಗಸೊಬ್ಬಳು ತನ್ನ ತಲೆಯನ್ನು ಕಂಕುಳಲ್ಲಿ ಇಟ್ಟುಕೊಂಡು ಬಂದಳು. ಅವಳ ಇನ್ನೊಂದು ಜೊತೆ ವೇಷದ ಹೊಟ್ಟೆ ಹರಿದಿದೆಯಂತೆ, ಮೆಷಿನ್ನಿನಲ್ಲೇ ಆಗಬೇಕಂತೆ. ನಾನು ಬಾಯಿ ಹಾಕುವಷ್ಟರಲ್ಲಿ ಇವಳು ಹಳೇ ಅಭ್ಯಾಸದಂತೆ 'ಗುರುವಾರ ಕೊಡ್ತೀನಿ' ಎಂದುಬಿಟ್ಟಳು. 'ಗುರುವಾರವೇ ಹಬ್ಬ ಅಮ್ಮಾ' ಎಂದಳು ಆಕೆ. ಗುರುವಾರ ಎಂದು ಹೇಳಿ ಅದರ ಮುಂದಿನ ಗುರುವಾರ ಕೊಡುವುದನ್ನು ಇಪ್ಪತ್ತೆಂಟು ವರ್ಷ ನಿಯಮವಾಗಿ ಪಾಲಿಸಿಕೊಂಡು ಬಂದವಳು ಮೊದಲ ಬಾರಿಗೆ 'ಬುಧವಾರ' ಎಂದಳು. ಬಸ್ಸಿನಲ್ಲಿ ಬರುವಾಗ ಹಿಮದ ಬೊಂಬೆ ನನ್ನ ತೊಡೆಯ ಮೇಲೆ ಕೂತಿತ್ತು.

ಇದನ್ನು ಬರೆಯುತ್ತಿರುವಾಗ ಹಾಲ್‌ನಿಂದ ಮೆಷಿನ್ನಿನ ಸದ್ದು ಬರುತ್ತಿದೆ. ಹೂಕುಂಡ ನೆಲಕ್ಕಿಳಿದಿದೆ. ಸದ್ದು ಎರಡು ಮಾರು ಓಡುತ್ತದೆ, ನಿಲ್ಲುತ್ತದೆ, ಇವಳು ಏನೋ ಗೊಣಗುತ್ತಾಳೆ, ಮತ್ತೆ ಓಡುತ್ತದೆ. ಬಲಗೈ ಬಟ್ಟೆಯನ್ನು ಇನ್ನೂ ಸರಿಯಾಗಿ ನೂಕುವುದಿಲ್ಲ, ಆದರೆ ಬಟ್ಟೆಯ ಮೇಲಿದೆ.

ಆದ್ದರಿಂದ ಅಕ್ಕಾ, ಸ್ಪಷ್ಟವಾಗಿ ಬರೆಯುತ್ತಿದ್ದೇನೆ: ಅವಳು ಬರುವುದಿಲ್ಲ. ಭಾನುವಾರ ಕಾರು ಬಂದರೆ ಡ್ರೈವರಿಗೆ ಕಾಫಿ ಕೊಟ್ಟು, ಹಿಂದಿನ ಸೀಟು ಖಾಲಿಯಾಗಿಯೇ ಕಳಿಸುತ್ತೇನೆ. ಮೆಷಿನ್ ಎಲ್ಲಿದೆಯೋ ಅಲ್ಲೇ ಇರುತ್ತದೆ. ನಿನ್ನ ಪಟ್ಟಿಯಲ್ಲಿ ಮಾತ್ರೆಯ ಸಾಲುಗಳನ್ನು ಉಳಿಸಿ ಮಿಕ್ಕದ್ದನ್ನು ಕತ್ತರಿಸಿದ್ದೇನೆ, ಅವಳದೇ ಕತ್ತರಿಯಿಂದ. ನೀನು ಕೋಪಿಸಿಕೊಳ್ಳಬಹುದು. ಒಂದು ಕಾಲದಲ್ಲಿ ಮಂತ್ರಿಯೊಬ್ಬರ ಮನೆಯ ಲಿಫ್ಟಿಗೆ, ಅವರು ಒಳಗೆ ನಿಂತಿರುವಾಗಲೇ, ಬೀಗಮುದ್ರೆ ಹಾಕಲು ಹೊರಟವನು ನಾನು. ಒಮ್ಮೆ ಆಗುವುದಿಲ್ಲ ಎಂದರೆ ಯಾರ ಮುಂದೆಯೂ, ಯಾವ ಮೇಟ್ರನ್ ಮುಂದೆಯೂ, ಅದನ್ನು ತಿರುಗಿಸುವ ಜಾಯಮಾನ ನನ್ನದಲ್ಲ. ಅವಳನ್ನು ನೋಡಬೇಕೆನಿಸಿದರೆ ನೀನೇ ಬಾ, ಭಾವನನ್ನೂ ಕರೆದುಕೊಂಡು ಬಾ, ನಿನ್ನ ರವಿಕೆಯ ಬಟ್ಟೆ ತಾ. ಕೊಡುವ ದಿನ ಮಾತ್ರ ಕೇಳಬೇಡ.

ಭಾವನಿಗೆ ನಮಸ್ಕಾರ. ನಿನ್ನ ಪಟ್ಟಿ ಬೇಡ, ಆಶೀರ್ವಾದ ಬೇಕು, ಎಂದಿನಂತೆ ತಲೆಯ ಮೇಲೆ ಒಂದು ಮೊಟಕಿನ ಸಮೇತ.

ನಿನ್ನ ಮಾತು ಮೀರಿದ,
ಪುಟ್ಟ

ಮರೆತ ಮಾತು: ಅಂಚೆ ಹೊರಡುವ ಹೊತ್ತಾಯಿತು, ಬೇಗ ಬರೆಯುತ್ತೇನೆ. ಮೊನ್ನೆ ಭಾನುವಾರ ನೀನು ಫೋನ್ ಮಾಡಿದಾಗ ಕಾರಿನ ವಿಷಯಕ್ಕೆ ನಾನು 'ಆಗಲಿ ಅಕ್ಕ' ಎಂದು ಮೂರು ಸಲ ಒಪ್ಪಿಕೊಂಡದ್ದು ನಿನಗೆ ನೆನಪಿದ್ದೇ ಇರುತ್ತದೆ, ಮೇಲಿನದನ್ನೆಲ್ಲ ಓದುತ್ತ ನಗುತ್ತಿರುತ್ತೀ. ಅದು ಇವಳಿಗೆ ಇನ್ನೂ ಗೊತ್ತಿಲ್ಲ. ನಿಜ ಹೇಳಬೇಕೆಂದರೆ ಪಾರ್ಕಿಗೆ ಕರೆದುಕೊಂಡು ಹೋದದ್ದೇ ಅದನ್ನು ನಯವಾಗಿ ಹೇಳಿಬಿಡಲು. ಅಲ್ಲಿ ದಿನವಿಡೀ ಏಳು ಸಲ ಬಾಯಿ ತೆರೆದು ಏಳು ಸಲವೂ ಪಾಪ್‌ಕಾರ್ನ್ ಹಾಕಿಕೊಂಡೆ. ಈ ಪತ್ರ ತಲುಪಿದ ಮೇಲೆ ದಯವಿಟ್ಟು ನನಗೆ ಫೋನ್ ಮಾಡಬೇಡ, ನಿನ್ನ ದನಿ ಕೇಳಿದರೆ ಮತ್ತೆ 'ಆಗಲಿ ಅಕ್ಕ' ಎಂದುಬಿಡುತ್ತೇನೆ. ಇವಳಿಗೇ ಮಾಡು. ಇವಳಿಗೆ ನಿನ್ನ ಹೆದರಿಕೆ ಇಲ್ಲ.