ಸಿಂಹಾಸನವಾದ ಆವಿಗೆ

ನವೆಂಬರ್ ೨೨, ಶನಿವಾರ

ಇನ್ನೂರು ಜನ ವಿದ್ವಾಂಸರ ಎದುರು ಉತ್ಖನನದ ಫೋಟೊವನ್ನು ತಲೆಕೆಳಗಾಗಿ ತೋರಿಸಿದರೂ ಒಬ್ಬರಿಗೂ ಗೊತ್ತಾಗಲಿಲ್ಲ. ರಾಷ್ಟ್ರೀಯ ಪುರಾತತ್ವ ಸಮ್ಮೇಳನವಂತೆ!

ಅದು ನಾನೇ ಮೂರು ಬೇಸಿಗೆ ಮಂಡಿಯೂರಿ ಅಗೆದ ಗುಂಡಿ. ಕುಂಬಾರರು ಮಡಕೆ ಸುಡುತ್ತಿದ್ದ ಆವಿಗೆ. ಬೂದಿ, ಸುಟ್ಟ ಮಣ್ಣು, ಸೊಟ್ಟಗಾದ ಮಡಕೆ ಎಲ್ಲವೂ ಸಿಕ್ಕಿದ್ದವು. ತಲೆಕೆಳಗಾದ ಫೋಟೊದಲ್ಲಿ ಗುಂಡಿ ದಿಬ್ಬದಂತೆ ಕಾಣುತ್ತಿತ್ತು; ನಮ್ಮ ಡೈರೆಕ್ಟರ್ ವೇದಿಕೆಯ ಮೇಲೆ ಅದನ್ನೇ ರಾಜನ ಸಿಂಹಾಸನದ ಕಟ್ಟೆ ಎಂದುಬಿಟ್ಟರು. ಮುಂದಿನ ಸಾಲಿನ ಕೋಟುಗಳೆಲ್ಲ ತಲೆದೂಗಿದವು.

ಎದ್ದು ನಿಂತೆ. "ಸರ್, ಫೋಟೊ ತಲೆಕೆಳಗಾಗಿದೆ. ಅದು ಸಿಂಹಾಸನ ಅಲ್ಲ, ಆವಿಗೆ."

"ಕೂತ್ಕೊಳಮ್ಮ, ಟೈಮಿಲ್ಲ," ಎಂದರು. ಸಭೆ ನಕ್ಕಿತು. ಪಕ್ಕದಲ್ಲಿದ್ದ ನನ್ನ ಹಳೆಯ ಮೇಷ್ಟ್ರು ತೋಳು ಜಗ್ಗಿದರು. "ಆವಿಗೆ ಅಂದ್ರೆ ನೋಡೋಕೆ ಯಾರು ಬರ್ತಾರೆ? ಸುಮ್ನಿರು. ಲೇಖನದಲ್ಲಿ ನಿನ್ ಹೆಸರೂ ಇದೆಯಲ್ಲ."

ಮಣ್ಣಿನ ಪದರ ಓದಲು ನನಗೆ ಕಲಿಸಿದವರು ಇವರೇ. ಥೂ.

ಹೊರಗೆ ಮೇಜಿನ ಮೇಲೆ ಸಮ್ಮೇಳನದ ಪುಸ್ತಕಗಳನ್ನು ಜೋಡಿಸಿಟ್ಟಿದ್ದರು. ಒಂದೊಂದನ್ನೇ ತೆರೆದು, ಆ ಸಿಂಹಾಸನದ ಲೇಖನದ ಕೆಳಗಿದ್ದ ನನ್ನ ಹೆಸರನ್ನು ಪೆನ್ನಿನಿಂದ ಹೊಡೆದುಹಾಕುತ್ತ ಹೋದೆ.

"ಏನ್ ಮೇಡಂ ಮಾಡ್ತಿದೀರಾ?" ಪುಸ್ತಕ ಹಂಚುವವಳಿಗೆ ಗಾಬರಿ.

"ತಪ್ಪು ತಿದ್ತಿದೀನಮ್ಮ."

ಎಂಬತ್ತಾರು ಪ್ರತಿ ಮುಗಿಸುವಷ್ಟರಲ್ಲಿ ಡೈರೆಕ್ಟರ್ ಬಂದು ಪೆನ್ನು ಕಿತ್ತುಕೊಂಡರು. "ನಾಳೆಯಿಂದ ಸೈಟಿಗೆ ಬರ್ಬೇಡ." ಈ ಮಹಾಶಯ ಸೈಟಿಗೆ ಬಂದದ್ದೇ ಎರಡು ಸಲ, ಎರಡೂ ಸಲ ಫೋಟೊ ತೆಗೆಸಿಕೊಳ್ಳಲು. ಮಳೆ ಬಂದರೆ ಗುಂಡಿಗೆ ಹೊದಿಸುವ ಟಾರ್ಪಾಲು ಎಲ್ಲಿದೆಯೆಂದು ಕೂಡ ಗೊತ್ತಿಲ್ಲ ಇವರಿಗೆ. ಆವಿಗೆಯ ಬಾಯಂಚು ಆಗಲೇ ಬಿರುಕು ಬಿಟ್ಟಿದೆ, ಒಂದು ಮಳೆ ಬಿದ್ದರೆ ಸಾಕು...