ಮೈ ತುಂಬಿಕೊಂಡ ಗಂಡ

ಜೂನ್ 3, ಮಂಗಳವಾರ
ಇವರ ಪ್ಯಾಂಟಿನ ಸೊಂಟ ಮತ್ತೆ ಬಿಚ್ಚಿ ಹೊಲಿದೆ. ಇನ್ನು ಬಿಡಿಸಲು ಬಟ್ಟೆಯೇ ಇಲ್ಲ. ಹೊಟ್ಟೆ ಮಾತ್ರ ಮುಂದೆ, ತೋಳು ನೋಡಿದರೆ ಕಡ್ಡಿ. ಪಾದ ಒತ್ತಿದರೆ ಬೆರಳಿನ ಗುಳಿ ಹಾಗೇ ನಿಲ್ಲುತ್ತೆ. ಹಾಲಿನ ಡೈರಿ ಹತ್ತಿರ ಪಟ್ಟಲಮ್ಮ, "ಏನ್ ಕವಿತ, ಗಂಡುಂಗೆ ಚೆನ್ನಾಗಿ ಉಣ್ಣಕ್ಕಿಕ್ತೀಯ ಬುಡು, ಮೈ ತುಂಬ್ಕಂಡವ್ನೆ" ಅಂದಳು. ಅತ್ತೆಗೆ ಖುಷಿಯೋ ಖುಷಿ. ಮಗ ಗೆಜ್ಜಲಗೆರೆ ಫ್ಯಾಕ್ಟರಿ ಕೆಲಸಕ್ಕೆ ಚಕ್ಕರ್ ಹೊಡೆಯಲ್ಲ, ಚರಂಡೀಲಿ ಬೀಳಲ್ಲ, ಹೆಂಡತಿ ಮೇಲೆ ಕೈ ಎತ್ತಲ್ಲ. ಆದ್ದರಿಂದ ಕುಡುಕ ಅಲ್ಲ. ಮತ್ತೆ ಬಟ್ಟೆ ಬೀರು ಹಿಂದಿನ ಖಾಲಿ ಬಾಟಲಿಗಳು ಯಾರವು? ಅತ್ತೆಯವಾ?

ಜೂನ್ 9
ಕಣ್ಣು ಅರಿಶಿನ. ಕಾಮಾಲೆ ಅಂತ ಅತ್ತೆ ಮಳವಳ್ಳಿ ಕಡೆಯಿಂದ ಸೊಪ್ಪಿನ ಔಷಧಿ ತರಿಸಿದರು. ಉಪ್ಪು ಹಾಕಬೇಡ, ಹುಳಿ ಹಾಕಬೇಡ ಅಂತ ನನಗೆ ಪಥ್ಯದ ಪಾಠ. ಸಂಜೆ ಬಾಗಿಲು ಹಾಕಿಕೊಂಡು ಕುಡಿಯೋದಕ್ಕೆ ಪಥ್ಯ ಇಲ್ಲ. ಸಿಟ್ಟಿಗೆ ತಟ್ಟೆ ಕುಕ್ಕಿದೆ...

ಜೂನ್ 14
ಮಂಡ್ಯದಲ್ಲಿ ಆಸ್ಪತ್ರೆಗೆ ಸೇರಿಸಿದೆವು. ಕುಡೀತಾರಾ ಅಂತ ಡಾಕ್ಟರು ಕೇಳಿದರು. ಇವರು ಗೋಡೆ ನೋಡಿದರು. ಅತ್ತೆ, "ಅಂಗೇನಿಲ್ಲ ಸಾಮಿ, ಎಲ್ಲೋ ಮದ್ವೆಗಿದ್ವೇಲಿ ಒಸಿ" ಅಂದರು. ಮೈದುನ ಅಪ್ಪು ನನ್ನ ಮೊಣಕೈ ಒತ್ತಿದ. ಸುಮ್ಮನಾದೆ. ನನಗೇ ಉಗೀಬೇಕು.

ಜೂನ್ 16, ಬೆಳಗ್ಗೆ
ಬಾಟಲಿ ನಿಂತು ಎರಡು ದಿನ. ಕೈ ನಡುಕ, ಬೆವರು. ಹಾಸಿಗೆ ತುಂಬ ಗೊದ್ದ ಇರುವೆ ಅಂತ ಕಿತ್ತು ಕಿತ್ತು ಎಸೀತಾರೆ — ಒಂದೂ ಇಲ್ಲ. ನನ್ನ ಗುರುತೂ ಹತ್ತಲಿಲ್ಲ. "ಗಾಳಿ ಸೋಕ್ಯದೆ" ಅಂತ ಅತ್ತೆ ತಾಯಿತ ತರಲು ಅಪ್ಪುನ ಓಡಿಸಿದರು.

ಸಾಕಾಯ್ತು. ಡಾಕ್ಟರ ಹತ್ತಿರ ಹೋಗಿ ಎಲ್ಲ ಹೇಳಿದೆ, ವಾರ್ಡಿಗೆಲ್ಲ ಕೇಳೋ ಹಾಗೆ. ಅವರು ಹಣೆ ಚಚ್ಚಿಕೊಂಡರು. "ಮೊದಲೇ ಹೇಳಬಾರದೇನಮ್ಮ? ದಿನಾ ಕುಡಿಯೋರಿಗೆ ಒಂದೇ ಸಲ ನಿಂತರೆ ಹೀಗಾಗುತ್ತೆ. ಪ್ರಾಣಾನೂ ಹೋಗಬಹುದು. ಇದಕ್ಕೆ ಔಷಧಿ ಇದೆ." ಅತ್ತೆ ನನ್ನ ಕಡೆ ತಿರುಗಿ, "ನನ್ ಮಗನ ಮಾನ ಕಳ್ದಲ್ಲಮ್ಮ" ಅಂದರು. ಪ್ರಾಣ ಹೋಗ್ತಿದೆ, ಇವರಿಗೆ ಮಾನ.

ಜೂನ್ 21
ನಡುಕ ನಿಂತಿದೆ. ಹೊಟ್ಟೆಯಿಂದ ಬಾಟಲಿಗಟ್ಟಲೆ ನೀರು ತೆಗೆದರು. ಊರೆಲ್ಲ ಹೊಗಳಿದ ಮೈ ಅದೇ. ಲಿವರ್ ಗಂಟು ಗಂಟಾಗಿ ಗಟ್ಟಿಯಾಗಿದೆಯಂತೆ, ಅನ್ನನಾಳದಲ್ಲಿ ರಕ್ತನಾಳಗಳು ಊದಿವೆಯಂತೆ. ಒಡೆದರೆ ಕಷ್ಟ. ಇನ್ನು ಒಂದು ತೊಟ್ಟೂ ಬೀಳಬಾರದು ಅಂದರು ಡಾಕ್ಟರು. "ಬುಟ್ಬುಡ್ತೀನಿ ಕಣೆ" ಅಂದರು ಇವರು, ನನ್ನ ಸೆರಗು ಹಿಡಿದು. ನಂಬಿದೆ.

ಜುಲೈ 12, ಸಂಜೆ
ಮತ್ತೆ ಅದೇ ವಾರ್ಡು. ಮಧ್ಯಾಹ್ನ ರೇಷನ್ ತರಲು ಹೋಗಿದ್ದೆ. ಬಂದರೆ ಜಗಲಿ ತುಂಬ ರಕ್ತದ ವಾಂತಿ, ಪಕ್ಕದಲ್ಲಿ ಲೋಟ. ಮೂಸಿದೆ. ಅತ್ತೆ ಕಂಬ ಹಿಡಿದು ನಿಂತಿದ್ದರು. "ಕಾಲ್ ಇಡ್ಕಂಡ ಕಣಮ್ಮ... ಒಂದೇ ಗುಟ್ಕು ಅಂದ. ಎತ್ತ ಕರ್ಳು, ತಡೀನಿಲ್ಲ." ಆ ಕರುಳಿಗಿಷ್ಟು ಬೆಂಕಿ ಹಾಕ.

ಇವರು ಒಳಗಿದ್ದಾರೆ. ಬದುಕಿದರೆ ಪುಣ್ಯ ಅಂದರು ಡಾಕ್ಟರು. ಯಾರು ಕೊಟ್ಟಿದ್ದು, ಎಷ್ಟು ವರ್ಷದ ಕುಡಿತ ಅಂತ ಕೇಳಿದರು. ನಾನು ಅತ್ತೆ ಕಡೆ ನೋಡಿದೆ. ಈ ಸಲ ಅವರೇ ಹೇಳಲಿ. ಹೇಳಿದರು — "ನಾನೇ ಸಾಮಿ ಕೊಟ್ಟಿದ್ದು. ಪಿಯುಸಿ ಓದೋವಾಗ್ಲೇ ಅಂಟ್ಕಂಡಿತ್ತು. ಮದ್ವೆ ಮಾಡುದ್ರೆ ಬುಡ್ತಾನೆ ಅಂತ ಯಾರ್ಗೂ ಏಳ್ನಿಲ್ಲ."

ಪಿಯುಸಿ.

ಹೆಣ್ಣು ನೋಡಲು ಬಂದ ದಿನ ನಮ್ಮಪ್ಪ ಕೇಳಿದ್ದು ಒಂದೇ ಮಾತು, ಹುಡುಗ ಕುಡೀತಾನಾ ಅಂತ. ಇದೇ ಅತ್ತೆ, ಇದೇ ಬಾಯಲ್ಲಿ, ನಮ್ಮ ದೇವರ ಮನೆ ದೀಪ ಮುಟ್ಟಿ —